ಚಿತ್ರ ತಿದ್ದಲು ಕಂಪ್ಯೂಟರು: ಮೊದಲ ಹಣ ಯಾವುದಕ್ಕೆ?



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರ ಮಾತು. ಈ ಮಾತನ್ನು ಒಪ್ಪದವರಿಲ್ಲ. ಆದರೆ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತಾಗ ಅದನ್ನು ನೆನಪಿಟ್ಟುಕೊಳ್ಳುವವರು ವಿರಳ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ನಮ್ಮ ಕಡೆಯ ಹಲವು ಮನೆಗಳಲ್ಲಿ ಏಳುವ ಬೇಡಿಕೆ ಕಂಪ್ಯೂಟರಿನದು. ‘ಫೋಟೋ ಎಡಿಟಿಂಗ್ ಕಲಿಯುತ್ತೇನೆ, ಒಂದು ಒಳ್ಳೆಯ ಲ್ಯಾಪ್‌ಟಾಪ್ ಬೇಕು’ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಹೆತ್ತವರು ಅಡಿಕೆ ಮಾರಿದ ಹಣವನ್ನೋ, ಬೀಡಿ ಕಟ್ಟಿ ಕೂಡಿಟ್ಟದ್ದನ್ನೋ, ಸಹಕಾರಿ ಬ್ಯಾಂಕಿನ ಸಾಲವನ್ನೋ ಹಿಡಿದುಕೊಂಡು ಪೇಟೆಗೆ ಹೊರಡುತ್ತಾರೆ. ಆ ಹಣ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನು ಕುರಿತು ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಕನ್ನಡ ಪಾಠ ಮಾಡುವವರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಚಿತ್ರವೂ ಒಂದು ಬಗೆಯ ಬರಹವೇ. ಅಕ್ಷರ ತಪ್ಪಿದರೆ ಅರ್ಥ ಕೆಡುವಂತೆ ಬಣ್ಣ ತಪ್ಪಿದರೆ ಚಿತ್ರ ಕೆಡುತ್ತದೆ. ಇನ್ನೊಂದು ಕಾರಣವೂ ಉಂಟು. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ನಮ್ಮ ಕಾಸರಗೋಡು. ಆಟಿ ತಿಂಗಳ ತೇವಕ್ಕೆ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಫೋಟೋಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಅಜ್ಜ ಅಜ್ಜಿಯರ ಮುಖ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಹಳೆಯ ಮೇಳದ ವೇಷಧಾರಿಗಳ ಚಿತ್ರ, ಮನೆ ಒಕ್ಕಲಿನ ದಿನ ತೆಗೆದ ಚಿತ್ರ, ಕನ್ನಡ ಶಾಲೆಯ ಅಂಗಳದಲ್ಲಿ ಸಾಲಾಗಿ ಕುಳಿತ ಮಕ್ಕಳ ಚಿತ್ರ, ಇವೆಲ್ಲ ನಮ್ಮ ಊರಿನ ಚರಿತ್ರೆ. ಇವುಗಳನ್ನು ಉಳಿಸುವ ಸಾಧನ ಮನೆಗೆ ಬರುವುದು ಸಂತೋಷದ ವಿಷಯವೇ. ಆದರೆ ಬರುವ ಸಾಧನ ಆ ಕೆಲಸಕ್ಕೆ ತಕ್ಕದ್ದಾಗಿರಬೇಕು.

ಅಂಗಡಿಯಲ್ಲಿ ಮೊದಲು ಕೇಳಿಬರುವ ಹೊಗಳಿಕೆ ಪ್ರೊಸೆಸರಿನದು; ಆಮೇಲೆ ಗ್ರಾಫಿಕ್ಸ್ ಕಾರ್ಡಿನದು; ಕೀಲಿಮಣೆಯ ಕೆಳಗೆ ಹೊಳೆಯುವ ಕೆಂಪು ನೀಲಿ ದೀಪಗಳದು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’. ಆಟದ ಲ್ಯಾಪ್‌ಟಾಪಿನ ಬೆಲೆಯ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ವೇಗವಾಗಿ ಓಡುವ ಆಟಗಳಿಗೆ, ಭಾರಿ ವಿಡಿಯೋ ಕೆಲಸಕ್ಕೆ ಅದು ಬೇಕು. ಒಂದು ಫೋಟೋವಿನ ಬೆಳಕನ್ನು ಸರಿಪಡಿಸಲು, ಕಲೆಯನ್ನು ಅಳಿಸಲು, ಅಂಚನ್ನು ಕತ್ತರಿಸಲು ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಹೀಗಿರುವಾಗ ಬಡ ಮನೆಯ ಹಣವನ್ನು ಅಲ್ಲಿ ಸುರಿಯುವುದು ಗದ್ದೆ ಉಳಲು ಪಂದ್ಯದ ಕೋಣವನ್ನು ಕೊಂಡಂತೆ.

ನನ್ನ ದೃಢವಾದ ಅಭಿಪ್ರಾಯವಿಷ್ಟೇ: ಚಿತ್ರದ ಕೆಲಸಕ್ಕೆ ಕಂಪ್ಯೂಟರು ಕೊಳ್ಳುವವರು ಮೊದಲ ಹಣವನ್ನು ಪರದೆಗೆ, ಎರಡನೆಯದನ್ನು ಮೆಮರಿಗೆ, ಮೂರನೆಯದನ್ನು ಚಿತ್ರಗಳ ಪ್ರತಿಯನ್ನು ಕಾಪಾಡುವ ಡಿಸ್ಕಿಗೆ ಇಡಬೇಕು. ಉಳಿದುದೆಲ್ಲ ಆಮೇಲೆ.

ಪರದೆ ಮೊದಲೇಕೆ? ಚಿತ್ರ ತಿದ್ದುವವನು ನಂಬಬೇಕಾದದ್ದು ತನ್ನ ಕಣ್ಣನ್ನು. ಕಣ್ಣು ನಂಬಬೇಕಾದದ್ದು ಪರದೆಯನ್ನು. ಪರದೆ ಸುಳ್ಳು ಹೇಳಿದರೆ ತಿದ್ದಿದ್ದೆಲ್ಲ ಸುಳ್ಳು. ಕಡಿಮೆ ಬೆಲೆಯ ಹಲವು ಯಂತ್ರಗಳಲ್ಲಿ ಟಿ.ಎನ್. ಎಂಬ ಬಗೆಯ ಪರದೆ ಇರುತ್ತದೆ. ಸ್ವಲ್ಪ ತಲೆ ಬಾಗಿಸಿ ನೋಡಿದರೂ ಅದರಲ್ಲಿ ಬಣ್ಣ ಬದಲಾಗುತ್ತದೆ. ಐ.ಪಿ.ಎಸ್. ಎಂಬ ಬಗೆಯ ಪರದೆಯಲ್ಲಿ ಓರೆಯಾಗಿ ನೋಡಿದರೂ ಬಣ್ಣ ಹೆಚ್ಚು ಕೆಡದು. ಆದುದರಿಂದ ಐ.ಪಿ.ಎಸ್. ಎಂದೇ ಕೇಳಬೇಕು. ಬಣ್ಣಗಳ ಹರವನ್ನು ಅಳೆಯಲು ಎಸ್‌ಆರ್‌ಜಿಬಿ ಎಂಬ ಮಾನಕವಿದೆ. 1996ರಲ್ಲಿ ಎಚ್.ಪಿ. ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು ಮುಂದಿಟ್ಟ ಇದು 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಪೆಟ್ಟಿಗೆಯ ಮೇಲೆ ಎಸ್‌ಆರ್‌ಜಿಬಿ ನೂರಕ್ಕೆ ನೂರರ ಹತ್ತಿರ ಎಂದಿದ್ದರೆ ಒಳ್ಳೆಯದು. ‘ಎನ್.ಟಿ.ಎಸ್.ಸಿ. 45’ ಎಂದಿದ್ದರೆ ಆ ಪರದೆ ಎಸ್‌ಆರ್‌ಜಿಬಿಯ ಸುಮಾರು ಮೂರರಲ್ಲಿ ಎರಡು ಪಾಲು ಬಣ್ಣಗಳನ್ನಷ್ಟೇ ತೋರಿಸಬಲ್ಲುದು. ಅಂಥ ಪರದೆಯಲ್ಲಿ ಯಕ್ಷಗಾನದ ವೇಷದ ಕಡುಗೆಂಪು ಸಪ್ಪೆಯಾಗಿ ಕಾಣುತ್ತದೆ. ಹುಡುಗ ಕೆಂಪನ್ನು ಏರಿಸುತ್ತಾನೆ. ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿದಾಗ ಮುಖವರ್ಣಿಕೆಯೇ ಉರಿದುಹೋದಂತೆ ಬರುತ್ತದೆ. ತಪ್ಪು ಹುಡುಗನದಲ್ಲ, ಪರದೆಯದು.

ಪರದೆಯ ಬಿಂದುಗಳ ಲೆಕ್ಕವನ್ನೂ ನೋಡಬೇಕು. 1366×768 ಎಂದರೆ ಸುಮಾರು ಹತ್ತೂವರೆ ಲಕ್ಷ ಬಿಂದುಗಳು. 1920×1080 ಎಂದರೆ 20,73,600 ಬಿಂದುಗಳು, ಹೆಚ್ಚುಕಡಿಮೆ ಎರಡು ಪಟ್ಟು. ಎರಡನೆಯದಕ್ಕಿಂತ ಕಡಿಮೆಯದನ್ನು ಚಿತ್ರದ ಕೆಲಸಕ್ಕೆ ಕೊಳ್ಳಬಾರದು.

ಇನ್ನು ಮೆಮರಿ. ವಿದ್ಯಾರ್ಥಿಗಳು ಇಲ್ಲಿ ಒಂದು ಗಣಿತ ಮಾಡಿ ನೋಡಬಹುದು. ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ 1 ಕೋಟಿ 20 ಲಕ್ಷ ಬಿಂದುಗಳಿವೆ. ಒಂದೊಂದು ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟುಗಳು. ಗುಣಿಸಿದರೆ 3 ಕೋಟಿ 60 ಲಕ್ಷ ಬೈಟುಗಳು, ಅಂದರೆ 36 ಮೆಗಾಬೈಟು. ಮಡಚಿಟ್ಟ ಸೀರೆಯಂತೆ ಕಡತದಲ್ಲಿ ನಾಲ್ಕೈದು ಮೆಗಾಬೈಟಿನೊಳಗೆ ಅಡಗಿದ್ದ ಚಿತ್ರ ತೆರೆದಾಗ ಹೀಗೆ ಹರಡಿಕೊಳ್ಳುತ್ತದೆ. ಚಿತ್ರದ ಮೇಲೆ ಪದರ ಸೇರಿಸಿದಂತೆಲ್ಲ ಮತ್ತೊಂದು ಅಷ್ಟೇ ಜಾಗ. ಮಾಡಿದ್ದನ್ನು ರದ್ದುಮಾಡಲು ಯಂತ್ರ ನೆನಪಿಡುವ ಹೆಜ್ಜೆಗಳಿಗೂ ಜಾಗ. ಹೀಗಾಗಿ 4 ಜಿ.ಬಿ. ಮೆಮರಿ ಇರುವ ಯಂತ್ರ ಏದುಸಿರು ಬಿಡುತ್ತದೆ. 8 ಜಿ.ಬಿ. ಕಲಿಯಲು ಸಾಕು, 16 ಜಿ.ಬಿ. ಇದ್ದರೆ ನೆಮ್ಮದಿ. 2025ರ ಕೊನೆಯ ತಿಂಗಳುಗಳಲ್ಲಿ ಮೆಮರಿಯ ಬೆಲೆ ವಿಪರೀತ ಏರಿತು. ಆದುದರಿಂದ ಈಗ 8 ಜಿ.ಬಿ. ಕೊಂಡರೂ ‘ಮುಂದೆ ಹೆಚ್ಚಿಸಲು ಒಳಗೆ ಜಾಗ ಉಂಟೇ?’ ಎಂದು ಕೇಳಲು ಮರೆಯಬಾರದು. ತೆಳ್ಳಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಮೆಮರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ; ಅದನ್ನು ಬದಲಿಸಲಾಗದು. ಒಳಗಿನ ಡಿಸ್ಕು ಎಸ್.ಎಸ್.ಡಿ. ಆಗಿರಬೇಕು. ತಿರುಗುವ ಹಳೆಯ ಹಾರ್ಡ್‌ಡಿಸ್ಕಿಗಿಂತ ಅದು ಹಲವು ಪಟ್ಟು ವೇಗ.

ಲ್ಯಾಪ್‌ಟಾಪೋ, ಮೇಜಿನ ಕಂಪ್ಯೂಟರೋ? ಕಾಲೇಜಿಗೆ ದಿನವೂ ಹೊತ್ತುಕೊಂಡು ಹೋಗಬೇಕಾದವರಿಗೆ, ಹಾಸ್ಟೆಲಿನಲ್ಲಿ ಇರುವವರಿಗೆ ಲ್ಯಾಪ್‌ಟಾಪ್ ಅನಿವಾರ್ಯ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲೇ ಕುಳಿತು ಚಿತ್ರ ತಿದ್ದುವವರಿಗೆ ಮೇಜಿನ ಕಂಪ್ಯೂಟರೇ ಲೇಸು. ಅಷ್ಟೇ ಹಣಕ್ಕೆ ದೊಡ್ಡ, ಒಳ್ಳೆಯ ಪರದೆ ಸಿಗುತ್ತದೆ. ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದು. ಪೆಟ್ಟಿಗೆ ಹಳತಾದರೂ ಪರದೆ ಮುಂದಿನ ಯಂತ್ರಕ್ಕೂ ಆಗುತ್ತದೆ. ಕಚೇರಿಗಳು ಬಳಸಿ ಬಿಟ್ಟ, ದುರಸ್ತಿ ಮಾಡಿದ ಪೆಟ್ಟಿಗೆಗಳನ್ನು ಕೊಳ್ಳುವುದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ಅಂಗಡಿಯವರಿಂದ ಬರಹದಲ್ಲಿ ಖಾತರಿ ಪಡೆದು ಕೊಂಡರಾಯಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಾಗಿರಲಿ; ಅದಕ್ಕಿಂತ ಹಳೆಯ ಹೆಚ್ಚಿನವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ.

ತಂತ್ರಾಂಶದ ವಿಚಾರದಲ್ಲಿ ನಮ್ಮ ಮಕ್ಕಳು ಭಾಗ್ಯವಂತರು. ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದ ಸಮರ್ಥ ತಂತ್ರಾಂಶ. ಆದರೆ 2013ರಿಂದ ಅದರ ಹೊಸ ಆವೃತ್ತಿಗಳನ್ನು ಬಾಡಿಗೆ ಕಟ್ಟಿಯೇ ಬಳಸಬೇಕು. ಮನೆಯ ಬಾಡಿಗೆಯಂತೆ ಅದು ಮುಗಿಯದ ಖರ್ಚು. ಕದ್ದ ಪ್ರತಿಯನ್ನು ಹಾಕಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬಾರದು. ಅದು ಅಪರಾಧ, ಜೊತೆಗೆ ವೈರಸ್ಸಿನ ಹೆದ್ದಾರಿ. ಜಿಂಪ್ ಎಂಬ ತಂತ್ರಾಂಶವನ್ನು ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿ 1996ರಲ್ಲಿ ಲೋಕಕ್ಕೆ ಬಿಟ್ಟರು. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಅದರ 3.0 ಆವೃತ್ತಿ 2025ರ ಮಾರ್ಚಿನಲ್ಲಿ ಬಂದಿತು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಅದರ ಸ್ಥಾನದಲ್ಲಿ ಬಂದ ಕೈಟ್ ಸಂಸ್ಥೆ, ಇವುಗಳಿಂದಾಗಿ ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶ ನೆಲೆಯೂರಿದೆ. ಐ.ಸಿ.ಟಿ. ಪಾಠಪುಸ್ತಕ ಕನ್ನಡದಲ್ಲೂ ಇದೆ. ಕ್ಯಾಮರದ ಕಚ್ಚಾ ಕಡತಗಳಿಗೆ ಡಾರ್ಕ್‌ಟೇಬಲ್, ರಾ ಥೆರಪಿ ಎಂಬ ಉಚಿತ ತಂತ್ರಾಂಶಗಳಿವೆ. ಯುನಿಕೋಡ್ ಕನ್ನಡ ಅಕ್ಷರಗಳು ಜಿಂಪಿನಲ್ಲಿ ಒತ್ತು, ದೀರ್ಘಗಳೊಡನೆ ಸರಿಯಾಗಿಯೇ ಮೂಡುತ್ತವೆ. ಮದುವೆಯ ಕರೆಯೋಲೆಗೋ ಶಾಲಾ ವಾರ್ಷಿಕೋತ್ಸವದ ಚಿತ್ರಕ್ಕೋ ಅಚ್ಚುಕಟ್ಟಾದ ಕನ್ನಡ ಶೀರ್ಷಿಕೆ ಬರೆದುಕೊಡುವವರಿಗೆ ಈ ಗಡಿನಾಡಿನಲ್ಲಿ ಕೆಲಸವೂ ಇದೆ, ಕರ್ತವ್ಯವೂ ಇದೆ.

ನೂರು ರೂಪಾಯಿಯನ್ನು ಹೇಗೆ ಹಂಚಬೇಕೆಂದು ಕೇಳಿದರೆ ನನ್ನ ಲೆಕ್ಕ ಹೀಗಿದೆ: ಮೆಮರಿ, ಎಸ್.ಎಸ್.ಡಿ. ಸೇರಿದ ಪೆಟ್ಟಿಗೆಗೆ 45, ಪರದೆಗೆ 30, ಹೊರಗಿನ ಡಿಸ್ಕಿಗೆ 15, ಯು.ಪಿ.ಎಸ್., ಕೀಲಿಮಣೆ, ಮೌಸುಗಳಿಗೆ 10. ಪೆಟ್ಟಿಗೆಯೊಳಗೆ ಹಲವು ಭಾಗಗಳು ಸೇರಿರುವುದರಿಂದ ಅದರ ಅಂಕಿ ದೊಡ್ಡದು. ಬಿಡಿ ಭಾಗಗಳಲ್ಲಿ ಹಿರಿಯ ಪಾಲು ಪರದೆಯದೇ.

ಹೊರಗಿನ ಡಿಸ್ಕು ವ್ಯರ್ಥ ಖರ್ಚೆಂದು ಅನೇಕರು ಭಾವಿಸುತ್ತಾರೆ. ತುಲಾ ಮಾಸದ ಸಂಜೆಯ ಸಿಡಿಲು ನಮಗೆ ಹೊಸತಲ್ಲ. ಒಂದು ಸಿಡಿಲಿಗೆ ಯಂತ್ರ ಸುಟ್ಟರೆ ಯಂತ್ರವನ್ನು ಮತ್ತೆ ಕೊಳ್ಳಬಹುದು. ಅಜ್ಜಿಯ ಮುಖವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರವನ್ನು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಲಿ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಸೋದರಮಾವನ ಮನೆಯಲ್ಲಿ ಒಂದು ಡಿಸ್ಕು ಇಟ್ಟರೂ ಆಯಿತು. ಗುಡುಗು ಕೇಳಿದೊಡನೆ ಪ್ಲಗ್ಗು ಕಳಚುವ ಅಭ್ಯಾಸವಿರಲಿ; ಡಿಸ್ಕನ್ನು ಸದಾ ಯಂತ್ರಕ್ಕೆ ಸಿಕ್ಕಿಸಿ ಇಡುವುದು ಬೇಡ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ ಎಂಬುದೂ ನೆನಪಿರಲಿ. ಮೂಲ ಪ್ರತಿಯನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು.

‘ಫೋನಿನಲ್ಲೇ ಎಲ್ಲ ಆಗುತ್ತದಲ್ಲ, ಕಂಪ್ಯೂಟರು ಯಾಕೆ?’ ಎಂಬ ರಕ್ಷಕರ ಪ್ರಶ್ನೆ ನ್ಯಾಯವಾದದ್ದೇ. ಒಂದೆರಡು ಚಿತ್ರಗಳಿಗೆ ಫೋನು ಸಾಕು. 4×6 ಇಂಚಿನ ಫೋಟೋವನ್ನು ಇಂಚಿಗೆ 300 ಬಿಂದುಗಳಂತೆ ಅಚ್ಚು ಹಾಕಲು ಬೇಕಾದದ್ದು 1200×1800, ಅಂದರೆ 21 ಲಕ್ಷ 60 ಸಾವಿರ ಬಿಂದುಗಳು. ಇಂದಿನ ಸಾಧಾರಣ ಫೋನಿನ ಚಿತ್ರದಲ್ಲೂ ಅದಕ್ಕಿಂತ ಹೆಚ್ಚಿದೆ. ಆದರೆ ನೂರಾರು ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಗೀರುಗಳನ್ನು ಒಂದೊಂದಾಗಿ ಅಳಿಸಿ, ಹೆಸರು ಮತ್ತು ವರ್ಷ ಬರೆದು, ಸಾಲಾಗಿ ಜೋಡಿಸಿಡಲು ಬೆರಳಗಲದ ಪರದೆ ಸಾಲದು. ಆ ಕೆಲಸದಲ್ಲಿ ತಾಳ್ಮೆಯಿದೆ, ಅದು ಮುಂದೆ ಒಂದು ಕಸುಬೂ ಆಗಬಲ್ಲುದು.

ಆದುದರಿಂದ ಮಕ್ಕಳಿಗೆ ನನ್ನ ಸಲಹೆ: ಮೊದಲು ಶಾಲೆಯ ಲ್ಯಾಬಿನಲ್ಲಿ ಜಿಂಪ್ ಕಲಿಯಿರಿ. ಮನೆಯ ಹತ್ತು ಹಳೆಯ ಚಿತ್ರಗಳನ್ನು ಅಲ್ಲೇ ತಿದ್ದಿ ಹೆತ್ತವರಿಗೆ ತೋರಿಸಿರಿ. ಹತ್ತನ್ನು ಮುಗಿಸುವ ತಾಳ್ಮೆ ಇಲ್ಲದವನಿಗೆ ಎಷ್ಟು ಬೆಲೆಯ ಯಂತ್ರವೂ ಕಲೆ ಕಲಿಸದು. ಹತ್ತನ್ನು ಮುಗಿಸಿದವನು ಯಂತ್ರ ಕೇಳಿದರೆ, ರಕ್ಷಕರೇ, ಇಲ್ಲವೆನ್ನಬೇಡಿ. ಅವನನ್ನು, ಹಾಗೆಯೇ ಅವಳನ್ನು, ಜೊತೆಗೇ ಅಂಗಡಿಗೆ ಕರೆದೊಯ್ಯಿರಿ. ಮನೆಯ ಒಂದು ಫೋಟೋವನ್ನು ಪೆನ್‌ಡ್ರೈವಿನಲ್ಲಿಯೂ, ಅದರ ಅಚ್ಚಾದ ಪ್ರತಿಯನ್ನು ಕೈಯಲ್ಲಿಯೂ ಒಯ್ಯಿರಿ. ಪರದೆಯ ಬೆಳಕನ್ನು ಹದಕ್ಕೆ ಇಳಿಸಿ ಎರಡನ್ನೂ ಹೋಲಿಸಿರಿ. ಎಡದಿಂದ, ಬಲದಿಂದ, ಮೇಲಿನಿಂದ ನೋಡಿರಿ. ನಿಮಗೆ ಗುರುತಿರುವ ಮುಖ ಯಾವ ಪರದೆಯಲ್ಲಿ ಗುರುತು ತಪ್ಪದೆ ಕಾಣುತ್ತದೋ ಅದನ್ನೇ ಆರಿಸಿರಿ. ಅಂಗಡಿಯವನ ಹತ್ತು ಮಾತಿಗಿಂತ ಆ ಒಂದು ನೋಟ ಹೆಚ್ಚು ಹೇಳುತ್ತದೆ.

ಕಂತಿನ ಆಸೆಗೆ ಬಿದ್ದು ಶಕ್ತಿ ಮೀರಿ ಕೊಂಡರೆ ಯಂತ್ರ ಹಳತಾದ ಮೇಲೂ ಸಾಲ ಹೊಸದಾಗಿಯೇ ಉಳಿಯುತ್ತದೆ. ಹೆತ್ತವರ ಬೆವರಿನ ಹಣ ನೆರೆಕರೆಯವರ ಕಣ್ಣಿಗೆ ಹೊಳೆಯುವ ದೀಪವಾಗುವುದು ಬೇಡ. ಮಾಸಿದ ಮುಖವೊಂದನ್ನು ಮತ್ತೆ ಬೆಳಗಿಸುವ ಬೆಳಕಾಗಲಿ.

— ಕನ್ನಡ ಅಧ್ಯಾಪಕ