ಬಯಾಲಜಿಯೋ, ಕಂಪ್ಯೂಟರೋ? ಕೊಬ್ಬಿನ ಕೋಶ ಹೇಳುವ ಉತ್ತರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಾಸನದ ಬಸ್ ನಿಲ್ದಾಣದಲ್ಲಿ ನಿಂತರೆ ಒಂದೇ ಮಾತು ಕಿವಿಗೆ ಬೀಳುತ್ತದೆ. ಹೊಳೆನರಸೀಪುರದ ಬಸ್ಸಿಗೆ ಕಾಯುವವರೂ ಅದನ್ನೇ ಆಡುತ್ತಿರುತ್ತಾರೆ, ಚನ್ನರಾಯಪಟ್ಟಣದ ಬಸ್ಸಿನಿಂದ ಇಳಿದವರೂ ಅದನ್ನೇ. 'ಪಿಸಿಎಂಬಿ ಕೊಡಿಸೋದೋ, ಪಿಸಿಎಂಸಿ ಕೊಡಿಸೋದೋ?' ಅರಕಲಗೂಡು ಕಡೆಯ ರೈತರೊಬ್ಬರು ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನನ್ನನ್ನೇ ಕೇಳಿದರು: 'ಇವಳಿಗೆ ಲೆಕ್ಕವೂ ಚೆನ್ನಾಗಿ ಬರುತ್ತೆ, ಜೀವಶಾಸ್ತ್ರವೂ ಇಷ್ಟ ಅಂತಾಳೆ ಸಾರ್. ಡಾಕ್ಟರ್ ಸೀಟು ಸಿಗದಿದ್ರೆ ಬಯಾಲಜಿ ಓದಿ ಏನು ಪ್ರಯೋಜನ? ಕಂಪ್ಯೂಟರ್ ಆದ್ರೆ ಎಲ್ಲಾದ್ರೂ ಕೆಲಸ ಸಿಗುತ್ತಲ್ಲ?'

ಅಷ್ಟರಲ್ಲಿ ಅವರ ಬಸ್ಸು ಬಂತು. ಅರ್ಧಕ್ಕೇ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ. ಉದಾಹರಣೆಗೆ ನಮ್ಮೆಲ್ಲರ ಮೈಯಲ್ಲೂ ಇರುವ, ಆದರೆ ಯಾರಿಗೂ ಬೇಡವಾದ ಒಂದು ವಸ್ತುವನ್ನು ತೆಗೆದುಕೊಳ್ಳೋಣ. ಅದೇ ಕೊಬ್ಬು.

ನೆರೆಯ ಮೈಸೂರಿನಿಂದಲೇ ಆರಂಭಿಸಬಹುದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಆಸ್ಪತ್ರೆಯಲ್ಲಿ, 1997-98ರಲ್ಲಿ ಹೆರಿಗೆಗೆ ಬಂದ ತಾಯಂದಿರ ಒಂದು ದೀರ್ಘ ಅಧ್ಯಯನ ಶುರುವಾಯಿತು. ಹುಟ್ಟಿದ 600ಕ್ಕೂ ಹೆಚ್ಚು ಶಿಶುಗಳ ತೂಕ, ಉದ್ದ, ತೋಳಿನ ಸುತ್ತಳತೆ ಮತ್ತು ಬೆನ್ನಿನ ಚರ್ಮದ ಮಡಿಕೆಯ ದಪ್ಪವನ್ನು ಅಳೆದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದರೆ ನಮ್ಮ ಮಕ್ಕಳು ಹೆಚ್ಚಿನ ಅಳತೆಗಳಲ್ಲಿ ಚಿಕ್ಕವರು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಹಿಂದೆ ಬಿದ್ದಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು! ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡವೂ 2003ರಲ್ಲಿ ಇದೇ ಬಗೆಯ ಚಿತ್ರವನ್ನು ಮುಂದಿಟ್ಟಿತ್ತು. ತೆಳ್ಳಗಿರುವ ನಮ್ಮವರಿಗೂ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಇಲ್ಲೊಂದು ಸುಳಿವಿದೆ.

ಹಾಗಾದರೆ ಕೊಬ್ಬಿನ ಕೋಶಗಳು ಹುಟ್ಟುವುದು ಯಾವಾಗ? 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದಕ್ಕೆ ಜಾಣ ಉಪಾಯ ಹೂಡಿದರು. ಹಿಂದಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿ, ಊಟದ ಮೂಲಕ ನಮ್ಮ ಡಿಎನ್‌ಎಗೆ ಇಳಿದ ಕಾರ್ಬನ್-14ನ್ನು ಅಳೆದು ಕೋಶಗಳ ವಯಸ್ಸನ್ನು ಕಂಡುಹಿಡಿದರು. ತಿಳಿದುಬಂದದ್ದಿಷ್ಟು: ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ತೂಕ ಇಳಿಸಿದರೆ ಕೋಶಗಳು ಚಿಕ್ಕದಾಗುತ್ತವೆಯೇ ಹೊರತು ಅವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಪಿಯುಸಿ ಓದುವ ಮಕ್ಕಳ ತಂದೆತಾಯಿ ಗಮನಿಸಬೇಕಾದ ಮಾತಿದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೊಬ್ಬಿನ ಕೋಶ ಹುಟ್ಟುತ್ತಲೇ ಕೊಬ್ಬಿನ ಕೋಶವಾಗಿರುವುದಿಲ್ಲ. ಅದರ ಮೂಲ ಒಂದು ಆಕರಕೋಶ. ಮೂಳೆ, ಮೃದ್ವಸ್ಥಿ, ಕೊಬ್ಬು, ಇವುಗಳಲ್ಲಿ ಯಾವುದಾಗಿ ಬೇಕಾದರೂ ಅದು ಬೆಳೆಯಬಲ್ಲದು. ಥೇಟ್ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯ ಹಾಗೆ! ದಾರಿಯನ್ನು ನಿರ್ಧರಿಸುವವರು ಯಾರು?

ಗೊರೂರಿನ ಹೇಮಾವತಿ ಅಣೆಕಟ್ಟೆಯನ್ನು ನೆನಪಿಸಿಕೊಳ್ಳಿ. ನಾಲೆಯ ದೊಡ್ಡ ಬಾಗಿಲನ್ನು ಎತ್ತಿದರೆ ನೀರು ಮೊದಲು ಮುಖ್ಯ ನಾಲೆಗೆ, ಆಮೇಲೆ ಉಪನಾಲೆಗಳಿಗೆ, ಕೊನೆಗೆ ಚನ್ನರಾಯಪಟ್ಟಣದ ಸೀಮೆಯ ಗದ್ದೆಗಳಿಗೆ ಹರಿಯುತ್ತದೆ. ಕೋಶದೊಳಗೂ ಹೀಗೆಯೇ. ಕೊಬ್ಬಿನ ದಾರಿಗೆ ದೊಡ್ಡ ಬಾಗಿಲಾಗಿರುವ ಪ್ರೋಟೀನಿನ ಹೆಸರು ಪಿಪಿಎಆರ್-ಗ್ಯಾಮಾ. ಇದರ ಪಾತ್ರವನ್ನು 1994ರಲ್ಲಿ ಅಮೆರಿಕದ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ತೋರಿಸಿಕೊಟ್ಟಿತು. ಅದು ಎಚ್ಚೆತ್ತರೆ ನೂರಾರು ಜೀನ್‌ಗಳು ಒಂದರ ಹಿಂದೊಂದು ಕೆಲಸಕ್ಕೆ ಇಳಿಯುತ್ತವೆ.

ಇದನ್ನು ಕಣ್ಣಾರೆ ನೋಡಲು ವಿಜ್ಞಾನಿಗಳ ಬಳಿ ಒಂದು ಹಳೆಯ ಸಾಧನವಿದೆ. ಇಲಿಯ ಭ್ರೂಣದಿಂದ ಬೆಳೆಸಿದ 3ಟಿ3-ಎಲ್1 ಎಂಬ ಕೋಶಗಳು 1970ರ ದಶಕದಲ್ಲಿ ಹೊವಾರ್ಡ್ ಗ್ರೀನ್ ಅವರ ಪ್ರಯೋಗಾಲಯದಲ್ಲಿ ಸಿದ್ಧವಾದವು. ಗಾಜಿನ ತಟ್ಟೆಯಲ್ಲಿರುವ ಈ ಕೋಶಗಳಿಗೆ ಇನ್ಸುಲಿನ್ ಮತ್ತಿತರ ರಾಸಾಯನಿಕಗಳನ್ನು ಕೊಟ್ಟರೆ ಒಂದು ವಾರ-ಹತ್ತು ದಿನಗಳಲ್ಲಿ ಒಳಗೆಲ್ಲ ಎಣ್ಣೆಯ ಹನಿಗಳು ತುಂಬಿಕೊಳ್ಳುತ್ತವೆ.

ಕಂಪ್ಯೂಟರ್ ಬೇಕಾಗುವುದು ಇಲ್ಲಿ. ಇಲಿಗಾಗಲಿ, ಮನುಷ್ಯನಿಗಾಗಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಎಂದು ಎಂಟು ದಿನ, ದಿನಕ್ಕೊಮ್ಮೆ ಅಳೆದಿರಿ ಎನ್ನಿ. ಖಚಿತವಾಗಲೆಂದು ಪ್ರಯೋಗವನ್ನು ಮೂರು ಸಲ ಮಾಡಿದಿರಿ. ಕೈಗೆ ಬರುವುದು 4,80,000 ಅಂಕಿಗಳು. ಒಂದೊಂದರ ಮೇಲೆ ಒಂದೇ ನಿಮಿಷ ಕಣ್ಣಾಡಿಸಿದರೂ ಹಗಲು ರಾತ್ರಿ ಸೇರಿ 333 ದಿನ ಬೇಕು. ಕಂಪ್ಯೂಟರ್ ಈ ಅಂಕಿಗಳಲ್ಲಿ ಒಟ್ಟಿಗೆ ಏರುವ, ಒಟ್ಟಿಗೆ ಇಳಿಯುವ ಜೀನ್‌ಗಳನ್ನು ಗುಂಪು ಮಾಡುತ್ತದೆ. ಒಂದೇ ಹೊತ್ತಿಗೆ ನೀರು ಕಂಡ ಗದ್ದೆಗಳು ಒಂದೇ ತೂಬಿನವು ಇರಬೇಕು ಎಂದು ರೈತ ಊಹಿಸುವ ಹಾಗೆ. ಆಮೇಲೆ ಆ ಜೀನ್‌ಗಳ ಅಕ್ಕಪಕ್ಕದ ಡಿಎನ್‌ಎಯಲ್ಲಿ ಪಿಪಿಎಆರ್-ಗ್ಯಾಮಾ ಬಂದು ಕೂರಬಹುದಾದ ಜಾಗವಿದೆಯೇ ಎಂದು ಹುಡುಕುತ್ತದೆ. ಆದರೆ ನೆನಪಿರಲಿ, ಕಂಪ್ಯೂಟರ್ ಕೊಡುವುದು ಊಹೆ ಮಾತ್ರ. ತೀರ್ಪು ಸಿಗುವುದು ಪ್ರಯೋಗಾಲಯದಲ್ಲಿ. ಯಾವ ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು, ಯಾವುದನ್ನು ಬಿಡಬೇಕು ಎಂಬುದು ಜೀವಶಾಸ್ತ್ರ ಬಲ್ಲವರಿಗೇ ಗೊತ್ತು.

ಅಂಕಿ ವಿಂಗಡಿಸುವುದಕ್ಕಿಂತ ದೊಡ್ಡ ಕೆಲಸವನ್ನೂ ಗಣಿತ ಮಾಡುತ್ತದೆ. ಪಿಪಿಎಆರ್-ಗ್ಯಾಮಾ ಹೆಚ್ಚಾದರೆ ಸಿ-ಇಬಿಪಿ ಆಲ್ಫಾ ಎಂಬ ಇನ್ನೊಂದು ಪ್ರೋಟೀನು ಹೆಚ್ಚುತ್ತದೆ. ಅದು ಹೆಚ್ಚಾದರೆ ಇದು ಮತ್ತೆ ಹೆಚ್ಚುತ್ತದೆ. ಒಬ್ಬರನ್ನೊಬ್ಬರು ಹುರಿದುಂಬಿಸುವ ಈ ಜೋಡಿಯನ್ನು ಸಮೀಕರಣವಾಗಿ ಬರೆದರೆ ಒಂದು ಹೊಸ ಸಂಗತಿ ಹೊರಬೀಳುತ್ತದೆ. ಒಂದು ಮಿತಿಯವರೆಗೆ ಕೋಶ ಹಿಂದಕ್ಕೆ ಬರಬಲ್ಲದು. ಮಿತಿ ದಾಟಿದರೆ, ಹಾರ್ಮೋನು ನಿಲ್ಲಿಸಿದರೂ ಕೋಶ ಕೊಬ್ಬಿನ ಕೋಶವೇ ಆಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೇರಿ ಟೆರುಯೆಲ್ ಅವರ ತಂಡ ಇದನ್ನು 2012ರಲ್ಲಿ ಲೆಕ್ಕದಿಂದಲೂ ಪ್ರಯೋಗದಿಂದಲೂ ತೋರಿಸಿತು.

ಅದೇ ತಂಡ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಬೆಳಿಗ್ಗೆ ಏರುತ್ತದೆ, ರಾತ್ರಿ ಇಳಿಯುತ್ತದೆ. ದಿನವೂ ಏರುವ ಹಾರ್ಮೋನು ದಿನವೂ ಕೊಬ್ಬಿನ ಬಾಗಿಲನ್ನು ಏಕೆ ತೆರೆಯುವುದಿಲ್ಲ? ಆ ಜಾಲದಲ್ಲಿ ಒಂದು ಕೊಂಡಿ ಬೇಗ ಕೆಲಸ ಮಾಡುತ್ತದೆ, ಇನ್ನೊಂದು ನಿಧಾನ. ನಿಧಾನದ ಕೊಂಡಿ ಬಲಗೊಳ್ಳುವಷ್ಟರಲ್ಲಿ ಹಾರ್ಮೋನು ಇಳಿದಿರುತ್ತದೆ, ಕೋಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದರೆ ಏರಿಳಿತವಿಲ್ಲದೆ ಹಾರ್ಮೋನು ಸತತವಾಗಿದ್ದರೆ ಕೋಶ ಮಿತಿಯನ್ನು ದಾಟಿಬಿಡುತ್ತದೆ. ಇಲಿಗಳಲ್ಲಿಯೂ ಈ ಏರಿಳಿತವನ್ನು ಅಳಿಸಿದಾಗ ಕೊಬ್ಬು ಹೆಚ್ಚಿತು. ಇದು ತಟ್ಟೆಯ ಕೋಶಗಳ, ಇಲಿಗಳ ಮಾತು. ರಾತ್ರಿ ನಿದ್ದೆಗೆಟ್ಟು ಓದುವ ಪ್ರತಿ ಮಗುವಿಗೂ ನೇರವಾಗಿ ಅನ್ವಯಿಸುವುದು ತಪ್ಪು. ಆದರೂ ನಿದ್ದೆಗೂ ಮೈಯ ಲೆಕ್ಕಕ್ಕೂ ನಂಟಿದೆ ಎಂಬುದನ್ನು ಮಕ್ಕಳೂ ಪೋಷಕರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇದೆಲ್ಲ ದೂರದ ಅಮೆರಿಕದಲ್ಲಿ ನಡೆಯುವ ಕೆಲಸ ಎನ್ನಬೇಡಿ. ಡಾ. ಅಖಿಲೇಶ್ ಪಾಂಡೆ ಅವರು 2002ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸ್ಥಾಪಿಸಿದರು. ಯಾವ ಪ್ರೋಟೀನು ಯಾವುದರ ಜೊತೆ ಕೂಡುತ್ತದೆ ಎಂಬುದನ್ನು ಅಲ್ಲಿನ ಜೀವಶಾಸ್ತ್ರ ಪದವೀಧರರು ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ಓದಿ ದಾಖಲಿಸಿದರು. 2003ರಲ್ಲಿ ಪ್ರಕಟವಾದ ಆ ಮಾನವ ಪ್ರೋಟೀನ್ ಕೋಶವನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಬಳಸಿದರು. ಎಲೆಕ್ಟ್ರಾನಿಕ್ ಸಿಟಿಯ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ ಈ ವಿಷಯದಲ್ಲೇ ಸ್ನಾತಕೋತ್ತರ ಶಿಕ್ಷಣ ಕೊಡುತ್ತಿದೆ.

ಅರಕಲಗೂಡಿನ ತಂದೆಗೆ ನಾನು ಹೇಳಬೇಕೆಂದಿದ್ದದ್ದು ಇಷ್ಟೇ. ಬಯಾಲಜಿ ಒಂದು ಊರು, ಕಂಪ್ಯೂಟರ್ ಇನ್ನೊಂದು ಊರು ಎಂದುಕೊಳ್ಳಬೇಡಿ. ಇವೆರಡೂ ಕೂಡುವ ಜಾಗದಲ್ಲಿ ಈಗ ಕೆಲಸವೂ ಇದೆ, ಬಿಡಿಸಬೇಕಾದ ಒಗಟುಗಳೂ ಇವೆ. ಎರಡೂ ಇಷ್ಟವಿರುವ ಮಗಳಿಗೆ ಪಿಸಿಎಂಬಿ ಕೊಡಿಸಿದರೆ ಗಣಿತ ಉಳಿಯುತ್ತದೆ, ಎಂಜಿನಿಯರಿಂಗ್ ಬಾಗಿಲೂ ಮುಚ್ಚುವುದಿಲ್ಲ. ಪ್ರೋಗ್ರಾಮ್ ಬರೆಯುವುದನ್ನು ಆಮೇಲೆಯೂ ಕಲಿಯಬಹುದು. ಪಿಸಿಎಂಸಿ ತೆಗೆದುಕೊಂಡವರೂ ಎದೆಗುಂದಬೇಕಿಲ್ಲ, ಜೀವಶಾಸ್ತ್ರದ ಪುಸ್ತಕವನ್ನು ಅಟ್ಟಕ್ಕೆ ಹಾಕದಿದ್ದರೆ ಸಾಕು. ಆಕರಕೋಶ ಕೂಡ ಮಿತಿ ಮುಟ್ಟುವವರೆಗೆ ಎಲ್ಲ ದಾರಿಗಳನ್ನೂ ತೆರೆದಿಟ್ಟುಕೊಂಡಿರುತ್ತದೆ. ಹದಿನಾರರ ಹುಡುಗಿಗೆ ನಾವು ಅಷ್ಟು ಅವಕಾಶವನ್ನಾದರೂ ಕೊಡಬೇಡವೇ?