ಮನೆಯ ಈಜುಕೊಳ: ಯಂತ್ರವೋ, ಕೈಯೋ?

ಬೆಂಗಳೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿಕೊಂಡಿರುವ ನಮ್ಮ ಸೋದರಮಾವನವರು ಈಚೆಗೆ ನಮಗೊಂದು ಪ್ರಶ್ನೆ ಹಾಕಿದರು. ಪರದೇಶದಲ್ಲಿರುವ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಅವರು ಹಿತ್ತಲಿನಲ್ಲಿ ಒಂದು ಈಜುಕೊಳವನ್ನು ಮಾಡಿಸಿದ್ದಾರೆ. ಉದ್ದ ೮ ಮೀಟರು, ಅಗಲ ೪ ಮೀಟರು, ಸರಾಸರಿ ಆಳ ೧.೪ ಮೀಟರು. ಅದನ್ನು ತೊಳೆಯಲು ಸ್ವಯಂಚಾಲಿತ ಯಂತ್ರವನ್ನು ಕೊಳ್ಳಬೇಕೋ, ಉದ್ದ ಕೋಲಿನ ಬ್ರಷ್ಷನ್ನೂ ಬಲೆಯನ್ನೂ ಹಿಡಿದು ಕೈಯಿಂದಲೇ ತೊಳೆಯಬೇಕೋ ಎಂಬುದು ಅವರ ಸಂದೇಹ. ಭೌತವಿಜ್ಞಾನವನ್ನು ಬೋಧಿಸುವವರಿಗೆ ಇಂಥ ಮನೆವಾರ್ತೆಯ ಪ್ರಶ್ನೆಗಳು ಹೊಸವಲ್ಲ. ಆದರೆ ಉತ್ತರ ಹೇಳಹೊರಟಾಗ, ಪ್ರಶ್ನೆಯು ತೋರುವಷ್ಟು ಸಣ್ಣದಲ್ಲವೆಂಬುದು ನಮ್ಮ ಅರಿವಿಗೆ ಬಂದಿತು. ಬೇಸಗೆಯ ರಜೆಯಲ್ಲಿ ಆ ನೀರಿಗೆ ಇಳಿಯುವವರು ಅವರ ಮೊಮ್ಮಕ್ಕಳು.

ಈಜುಕೊಳವುಳ್ಳ ಮನೆಗಳು ನಮ್ಮಲ್ಲಿ ಎಷ್ಟಿವೆ, ಈ ಚರ್ಚೆ ಯಾರಿಗಾಗಿ, ಎಂದು ವಾಚಕರು ಕೇಳಬಹುದು. ಸ್ವಂತ ಕೊಳವುಳ್ಳವರು ಕೆಲವರೇ ಇರಬಹುದು; ಆದರೆ ವಸತಿ ಸಮುಚ್ಚಯಗಳಲ್ಲಿಯೂ, ಮಲೆನಾಡಿನ ಅತಿಥಿಗೃಹಗಳಲ್ಲಿಯೂ ಇರುವ ಕೊಳಗಳಲ್ಲಿ ಈಜುವವರು ಅನೇಕರು. ಅಲ್ಲದೆ, ಕೊಳಕ್ಕೆ ಅನ್ವಯಿಸುವ ವಿವೇಕವೇ ನಮ್ಮೆಲ್ಲರ ಮನೆಯ ಮೇಲಿರುವ ನೀರಿನ ತೊಟ್ಟಿಗೂ ಅನ್ವಯಿಸುತ್ತದೆ.

ಮೊದಲು ಕೊಳೆಯೆಂದರೇನು ಎಂಬುದನ್ನು ವಿಚಾರಮಾಡೋಣ. ನೀರಿನಲ್ಲಿ ಬಿದ್ದ ಕಣವು ತಳಕ್ಕೆ ಇಳಿಯುವ ವೇಗವನ್ನು ಲೆಕ್ಕಹಾಕುವ ಸೂತ್ರವನ್ನು ೧೮೫೧ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಪ್ರಕಟಿಸಿದನು. ಅದರ ಪ್ರಕಾರ ವೇಗವು ಕಣದ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸವು ಹತ್ತರಲ್ಲಿ ಒಂದಾದರೆ ವೇಗವು ನೂರರಲ್ಲಿ ಒಂದಾಗುತ್ತದೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು ದಪ್ಪನಾದ ಮರಳಿನ ಕಣವು ೧.೪ ಮೀಟರು ಆಳವನ್ನು ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ಅದರ ಹತ್ತನೆಯ ಒಂದರಷ್ಟಿರುವ ಮಣ್ಣಿನ ಕಣಕ್ಕೆ ನಿಶ್ಚಲವಾದ ನೀರಿನಲ್ಲಿ ಸುಮಾರು ೪ ಗಂಟೆ ಬೇಕು. ಮತ್ತೂ ಹತ್ತು ಪಾಲು ಸಣ್ಣದಾದರೆ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟಾದರೆ, ಎರಡು ವಾರಗಳೇ ಬೇಕಾಗುತ್ತವೆ. ಬ್ಯಾಕ್ಟೀರಿಯಗಳ ಗಾತ್ರ ಸುಮಾರಾಗಿ ಇಷ್ಟೇ. ಅವುಗಳ ಸಾಂದ್ರತೆಯು ನೀರಿನ ಸಾಂದ್ರತೆಗೆ ಸಮೀಪವಾದುದರಿಂದ ಅವು ಇನ್ನೂ ನಿಧಾನ. ನಿತ್ಯವೂ ಕದಡುವ ಕೊಳದಲ್ಲಿ ಅವು ತಳವನ್ನು ಸೇರುವುದೇ ಇಲ್ಲವೆನ್ನಬಹುದು. ಇದರಿಂದ ಒಂದು ಮುಖ್ಯವಾದ ಸಂಗತಿ ಹೊರಡುತ್ತದೆ. ತಳದಲ್ಲಿ ಕಣ್ಣಿಗೆ ಕಾಣುವುದು ಎಲೆ, ಮರಳು, ಮಣ್ಣು; ಅವು ನೋಟಕ್ಕೆ ಅಸಹ್ಯವಾದರೂ ಅಪಾಯಕಾರಿಗಳಲ್ಲಿ ಮೊದಲನೆಯವಲ್ಲ. ಅಪಾಯವಿರುವುದು ಕಣ್ಣಿಗೆ ಕಾಣದ ಪಾಲಿನಲ್ಲಿ.

ಇನ್ನು ಯಂತ್ರದ ವಿಚಾರ. ತಾನಾಗಿಯೇ ಕೊಳದಲ್ಲಿ ಓಡಾಡುವ ಯಂತ್ರಗಳಲ್ಲಿ ಮೂರು ಜಾತಿಗಳುಂಟು. ಮೊದಲನೆಯದು ಕೊಳದ ಪಂಪಿನ ಸೆಳೆತದಿಂದಲೇ ಚಲಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ ಫರ್ಡಿನಂಡ್ ಶೋವಿಯೆ ಎಂಬ ಇಂಜಿನಿಯರು ೧೯೭೪ರಲ್ಲಿ ರೂಪಿಸಿದ ‘ಕ್ರೀಪಿ ಕ್ರಾಲಿ’ ಇದಕ್ಕೆ ಪ್ರಸಿದ್ಧ ನಿದರ್ಶನ. ಎರಡನೆಯದು ಪಂಪು ಹಿಂದಕ್ಕೆ ತಳ್ಳುವ ನೀರಿನ ಒತ್ತಡದಿಂದ ನಡೆಯುತ್ತದೆ. ಮೂರನೆಯದು ಈಗ ಹೆಚ್ಚು ಪ್ರಚಾರದಲ್ಲಿರುವ ರೋಬಾಟ್; ಅದಕ್ಕೆ ತನ್ನದೇ ಮೋಟಾರು, ತನ್ನದೇ ಬ್ರಷ್ಷು, ಕೊಳೆಯನ್ನು ಹಿಡಿದಿಡಲು ತನ್ನದೇ ಚೀಲ. ಎರಡು ಮೂರು ಗಂಟೆಗಳಲ್ಲಿ ಅದು ಇಡೀ ತಳವನ್ನು ಗುಡಿಸಿಬಿಡುತ್ತದೆ. ಬೆಲೆ ಹೆಚ್ಚಾದವು ಗೋಡೆಯನ್ನೂ ಏರುತ್ತವೆ. ಕೆಲಸ ಸೊಗಸಾದುದೆಂಬುದರಲ್ಲಿ ಸಂದೇಹವಿಲ್ಲ.

ಮಾರುವವರು ಅದರ ಪರವಾಗಿ ಮುಖ್ಯವಾಗಿ ಹೇಳುವುದು ವಿದ್ಯುತ್ತಿನ ಉಳಿತಾಯ. ಒಂದು ಅಶ್ವಶಕ್ತಿಯ ಪಂಪು ಸುಮಾರು ಒಂದು ಕಿಲೋವಾಟ್ ವಿದ್ಯುತ್ತನ್ನು ಎಳೆದರೆ, ರೋಬಾಟ್ ಸುಮಾರು ೧೫೦ ವಾಟ್‌ಗಳಲ್ಲಿ ಮುಗಿಸುತ್ತದೆ ಎನ್ನುತ್ತಾರೆ. ಲೆಕ್ಕ ಸರಿ, ಆದರೆ ತರ್ಕ ಸರಿಯಲ್ಲ. ಮಾವನವರ ಕೊಳದಲ್ಲಿ ಸುಮಾರು ೪೫,೦೦೦ ಲೀಟರು ನೀರಿದೆ. ಗಂಟೆಗೆ ೧೦,೦೦೦ ಲೀಟರು ಹಾಯಿಸುವ ಪಂಪು ಅಷ್ಟು ನೀರನ್ನು ಮರಳಿನ ಫಿಲ್ಟರಿನ ಮೂಲಕ ಹಾಯಿಸಲು ನಾಲ್ಕೂವರೆ ಗಂಟೆ ಓಡಲೇಬೇಕು. ಹಾಗೆ ಓಡಿದರೂ, ಸೋಸಿದ ನೀರು ಸೋಸದ ನೀರಿನೊಡನೆ ಬೆರೆಯುತ್ತಲೇ ಇರುವುದರಿಂದ, ನೂರಕ್ಕೆ ಸುಮಾರು ೩೭ ಪಾಲು ನೀರು ಫಿಲ್ಟರನ್ನು ಕಂಡೇ ಇರುವುದಿಲ್ಲ. ಆದಕಾರಣ ರೋಬಾಟ್ ಇದ್ದರೂ ಪಂಪಿಗೆ ಬಿಡುವಿಲ್ಲ. ಪಂಪು ಹೇಗೂ ಓಡುತ್ತಿರುವಾಗ ಅದಕ್ಕೆ ಕೊಳವೆಯನ್ನು ತೊಡಿಸಿ ಕೈಯಿಂದ ತಳವನ್ನು ಹೀರಿಸಿದರೆ ಹೆಚ್ಚಿನ ಖರ್ಚು ಬಹುಮಟ್ಟಿಗೆ ಇಲ್ಲವೇ ಇಲ್ಲ.

ಯಂತ್ರದ ನಿಜವಾದ ಹಿರಿಮೆ ಇರುವುದು ನೀರಿನ ಲೆಕ್ಕದಲ್ಲಿ. ಕೈಯಿಂದ ಹೀರಿಸಿದ ಕೊಳೆ ಮರಳಿನ ಫಿಲ್ಟರನ್ನು ಸೇರುತ್ತದೆ; ಅದನ್ನು ಹಿಮ್ಮೊಗವಾಗಿ ನೀರು ಹಾಯಿಸಿ ತೊಳೆಯಬೇಕು. ಮೂರು ನಿಮಿಷ ತೊಳೆದರೆ ೫೦೦ ಲೀಟರು ಮೋರಿಗೆ ಹೋಯಿತು. ಕೊಳೆ ಬಹಳವಾಗಿದ್ದು ಅದನ್ನು ನೇರವಾಗಿ ಹೊರಕ್ಕೆ ಹರಿಯಬಿಟ್ಟರೆ ಕಾಲು ಗಂಟೆಯಲ್ಲಿ ಹೋಗುವ ನೀರು ೨,೫೦೦ ಲೀಟರು. ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ೧೩೫ ಲೀಟರು ನೀರು ಬೇಕೆಂಬುದು ನಮ್ಮ ದೇಶದ ಯೋಜಕರು ಇಟ್ಟುಕೊಂಡಿರುವ ಪ್ರಮಾಣ. ಆ ಪ್ರಕಾರ ಇದು ೧೮ ಜನರ ಒಂದು ದಿನದ ನೀರು. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ ೫,೦೦೦ ರೂಪಾಯಿಗಳ ದಂಡವನ್ನು ಗೊತ್ತುಮಾಡಬೇಕಾಗಿ ಬಂದುದನ್ನು ನಾವು ಮರೆಯುವಂತಿಲ್ಲ. ರೋಬಾಟ್ ಕೊಳೆಯನ್ನು ತನ್ನ ಚೀಲದಲ್ಲಿಯೇ ಹಿಡಿದಿಟ್ಟು ನೀರನ್ನು ಕೊಳಕ್ಕೆ ಬಿಡುವುದರಿಂದ ಈ ನಷ್ಟ ಕಡಮೆಯಾಗುತ್ತದೆ. ಇಷ್ಟು ಮಾತ್ರಕ್ಕಾದರೂ ಅದನ್ನು ಕೊಳ್ಳುವುದು ನ್ಯಾಯವೆನ್ನಬಹುದು. ಆದರೆ ಒಂದು ಮಾತು: ಬೇಸಗೆಯಲ್ಲಿ ದಿನಕ್ಕೆ ೫ ಮಿಲಿಮೀಟರು ನೀರು ಆವಿಯಾದರೆ, ಈ ಕೊಳ ತಿಂಗಳಿಗೆ ೪,೮೦೦ ಲೀಟರು ಕಳೆದುಕೊಳ್ಳುತ್ತದೆ. ನೀರಿನ ಮೇಲೆ ನಿಜವಾಗಿಯೂ ಕಾಳಜಿಯುಳ್ಳವರು ಯಂತ್ರಕ್ಕಿಂತ ಮುಂಚೆ ಒಂದು ಹೊದಿಕೆಯನ್ನು ಕೊಳ್ಳಬೇಕು. ಹೊದಿಕೆಯು ಎಲೆಯನ್ನೂ ತಡೆಯುತ್ತದೆ, ಆವಿಯನ್ನೂ ತಡೆಯುತ್ತದೆ.

ಮಾವನವರು ಪರೀಕ್ಷಾರ್ಥವಾಗಿ ಒಂದು ರೋಬಾಟನ್ನು ಒಂದು ವಾರದ ಮಟ್ಟಿಗೆ ತರಿಸಿದ್ದರು. ವಾರದ ಕೊನೆಯಲ್ಲಿ ನಾವು ಹೋಗಿ ನೋಡಿದಾಗ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಯವರೆಲ್ಲರೂ ತೃಪ್ತರಾಗಿದ್ದರು. ನಾವು ನೀರಿಗಿಳಿದು ಏಣಿಯ ಹಿಂದಿನ ಗೋಡೆಯನ್ನು ಕೈಯಿಂದ ಸವರಿದೆವು, ಬೆರಳು ಜಾರಿತು. ಮೆಟ್ಟಿಲಿನ ಮೂಲೆಯಲ್ಲಿಯೂ, ದೀಪದ ಚೌಕಟ್ಟಿನ ಸುತ್ತಲೂ ಅದೇ ಲೋಳೆ. ಯಂತ್ರ ಮುಟ್ಟಲಾರದ ಎಡೆಗಳವು.

ಲೋಳೆಯು ನೀರಿನ ಹರಿವಿಗೆ ಏಕೆ ಕೊಚ್ಚಿಹೋಗುವುದಿಲ್ಲ ಎಂಬುದಕ್ಕೆ ಕಾರಣ ಸರಳವಾದುದು. ಘನವಸ್ತುವಿನ ಮೈಯನ್ನು ತಾಕಿರುವ ದ್ರವದ ಪದರ ಚಲಿಸುವುದಿಲ್ಲ. ಅದರಿಂದ ದೂರವಾದಂತೆಲ್ಲ ಹರಿವು ಹೆಚ್ಚುತ್ತದೆ. ತಿಂಗಳುಗಟ್ಟಲೆ ತಿರುಗಿದರೂ ಫ್ಯಾನಿನ ರೆಕ್ಕೆಯ ಮೇಲೆ ಧೂಳು ಕುಳಿತೇ ಇರುವುದನ್ನು ವಾಚಕರು ಕಂಡಿದ್ದಾರೆ. ಅದೇ ನಿಯಮ ಇಲ್ಲಿಯೂ. ಈ ನಿಶ್ಚಲವಾದ ಪದರದ ಆಶ್ರಯದಲ್ಲಿ ಸೂಕ್ಷ್ಮಜೀವಿಗಳು ಅಂಟಿನ ಹೊದಿಕೆಯೊಂದನ್ನು ನೆಯ್ದುಕೊಂಡು ನೆಲಸುತ್ತವೆ. ಆ ಅಂಟಿನೊಳಕ್ಕೆ ಕ್ಲೋರಿನ್ ಸುಲಭವಾಗಿ ಇಳಿಯುವುದಿಲ್ಲ. ಬ್ರಷ್ಷಿನಿಂದ ಉಜ್ಜಿ ಒಡೆದಲ್ಲದೆ ಅದಕ್ಕೆ ಮದ್ದಿಲ್ಲ.

ಕ್ಲೋರಿನ್ನಿನ ವಿಷಯದಲ್ಲಿಯೂ ಅಂದು ನಾವು ಪರೀಕ್ಷೆ ಮಾಡಿದೆವು. ಬಣ್ಣ ನೋಡಿ ತಿಳಿಯುವ ಸಣ್ಣ ಪರೀಕ್ಷಾ ಪೆಟ್ಟಿಗೆಯ ಪ್ರಕಾರ ನೀರಿನ ಪಿ.ಎಚ್. ೮ನ್ನು ದಾಟಿತ್ತು. ಕ್ಲೋರಿನ್ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಕ್ರಿಮಿಗಳನ್ನು ಬೇಗ ಕೊಲ್ಲುವುದು ಅವುಗಳಲ್ಲಿ ಒಂದು ಮಾತ್ರ. ಪಿ.ಎಚ್. ೭.೫ ಆದಾಗ ಆ ರೂಪವು ಅರ್ಧದಷ್ಟಿರುತ್ತದೆ; ೮ ಆದಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಮನೆಯವರು ಕ್ಲೋರಿನ್ ದ್ರವವನ್ನು ತಪ್ಪದೆ ಸುರಿಯುತ್ತಿದ್ದರು. ಆ ದ್ರವವೇ ಪಿ.ಎಚ್. ಅನ್ನು ಏರಿಸುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ತಳದ ಹೊಳಪನ್ನು ಕಂಡು ನೀರು ಶುದ್ಧವೆಂದು ನಂಬಿದ್ದರು. ಹೊಳಪು ಸುಳ್ಳು ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಟ್ಟಿರಲಿಲ್ಲ, ಅಷ್ಟೆ.

ಇದು ಕೇವಲ ಪಾಂಡಿತ್ಯದ ಮಾತಲ್ಲ. ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುವ ನೇಗ್ಲೇರಿಯ ಫೌಲೆರಿ ಎಂಬ ಅಮೀಬವು ಮೂಗಿನ ಮೂಲಕ ಮೆದುಳನ್ನು ಸೇರಿ ಪ್ರಾಣಾಂತಿಕವಾದ ಜ್ವರವನ್ನು ಉಂಟುಮಾಡುತ್ತದೆ. ೨೦೨೪ರಲ್ಲಿ ನೆರೆಯ ಕೇರಳದಲ್ಲಿ ಅಮೀಬದಿಂದ ಬರುವ ಮೆದುಳುಜ್ವರಕ್ಕೆ ಮಕ್ಕಳು ಬಲಿಯಾದರು. ರೋಗವು ಅತಿ ವಿರಳ. ಆದರೆ ತಗಲಿದ ಮೇಲೆ ಬದುಕಿ ಉಳಿಯುವವರೂ ವಿರಳ. ಸರಿಯಾದ ಪ್ರಮಾಣದ ಕ್ಲೋರಿನ್ ಆ ಜೀವಿಯನ್ನು ಕೊಲ್ಲುತ್ತದೆ. ಗೋಡೆಯ ಲೋಳೆ ಅದಕ್ಕೆ ಆಶ್ರಯ ಕೊಡುತ್ತದೆ. ವಿರಳವಲ್ಲದ ಕಿವಿನೋವು, ಕಣ್ಣುರಿ, ಭೇದಿಗಳ ವಿಚಾರವನ್ನು ಬೇರೆ ಹೇಳಬೇಕಾಗಿಲ್ಲ.

ತಳದ ತೂಬಿನ ಜಾಲರಿಯನ್ನೂ ಯಂತ್ರ ಪರೀಕ್ಷಿಸುವುದಿಲ್ಲ. ಜಾಲರಿ ಕಳಚಿದ ೨೦ ಸೆಂಟಿಮೀಟರು ವ್ಯಾಸದ ತೂಬಿಗೆ ಮಗುವಿನ ಮೈ ಅಂಟಿ, ಒಳಗೆ ಒತ್ತಡವು ಅರ್ಧ ವಾಯುಮಂಡಲದಷ್ಟು ಕುಗ್ಗಿತೆನ್ನಿ. ಆಗ ಮಗುವನ್ನು ಹಿಡಿದಿಡುವ ಬಲ ೧೬೦ ಕಿಲೋಗ್ರಾಂ ತೂಕಕ್ಕೆ ಸಮ. ೨೦೦೨ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಬಿಸಿನೀರಿನ ತೊಟ್ಟಿಯಲ್ಲಿ ಇಂಥ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ೨೦೦೭ರಲ್ಲಿ ಆ ದೇಶ ತೂಬಿನ ಜಾಲರಿಗಳಿಗಾಗಿಯೇ ಒಂದು ಕಾನೂನನ್ನು ಮಾಡಿತು. ಸಡಿಲವಾದ ತಿರುಪನ್ನು ಕಾಣಬೇಕಾದರೆ ಮನುಷ್ಯನ ಕಣ್ಣು ವಾರಕ್ಕೊಮ್ಮೆಯಾದರೂ ಅಲ್ಲಿ ಹಾಯಬೇಕು.

ಹಾಗಾದರೆ ಕೈಯೇ ಲೇಸೆಂದು ನಾವು ಹೇಳುತ್ತೇವೆಯೇ? ಅಲ್ಲಿಯೂ ಒಂದು ಪ್ರಶ್ನೆಯನ್ನು ಕೇಳಬೇಕು: ಯಾರ ಕೈ? ನಮ್ಮ ದೇಶದಲ್ಲಿ ‘ಕೈಯಿಂದ’ ಎಂದರೆ ಬಹುಮಟ್ಟಿಗೆ ಬೇರೊಬ್ಬರ ಕೈಯಿಂದ ಎಂದರ್ಥ. ತಿಂಗಳಿಗಿಷ್ಟು ಎಂದು ಸಂಬಳ ಗೊತ್ತುಮಾಡಿಕೊಂಡು ಹತ್ತು ಮನೆಗಳನ್ನು ಸುತ್ತುವ ಆಳು ಬರಿಗೈಯಲ್ಲಿ ಆಮ್ಲವನ್ನೂ ಕ್ಲೋರಿನ್ ದ್ರವವನ್ನೂ ಎತ್ತಿ ಸುರಿಯುವುದನ್ನು ನಾವೇ ಕಂಡಿದ್ದೇವೆ. ಅವೆರಡೂ ಒಂದೇ ಬಕೆಟ್ಟಿನಲ್ಲಿ ಬೆರೆತರೆ ಹೊರಡುವುದು ವಿಷಾನಿಲ. ಇದನ್ನು ಆತನಿಗೆ ಯಾರೂ ಹೇಳಿರುವುದಿಲ್ಲ; ಕೈಚೀಲವನ್ನು ಯಾರೂ ಕೊಟ್ಟಿರುವುದಿಲ್ಲ. ಯಂತ್ರವನ್ನು ನಂಬಿ ಕಣ್ಣುಮುಚ್ಚುವವನಿಗೂ, ಆಳನ್ನು ನಂಬಿ ಕಣ್ಣುಮುಚ್ಚುವವನಿಗೂ ನಮ್ಮ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ತಳವನ್ನು ಗುಡಿಸುವುದು ಯಂತ್ರಕ್ಕೆ ತಕ್ಕ ಕೆಲಸ. ನೀರು ಉಳಿಯುವುದರಿಂದ, ಶಕ್ತಿಯುಳ್ಳವರು ಅದನ್ನು ಕೊಳ್ಳಲಿ. ಅದು ಓಡುವಾಗ ಮಾತ್ರ ಯಾರೂ ನೀರಿನಲ್ಲಿ ಇರಕೂಡದು. ಆದರೆ ಕೊಳ್ಳುವ ಕ್ರಮದಲ್ಲಿ ಅದು ಕೊನೆಯದಾಗಿರಲಿ. ಮೊದಲು ಪರೀಕ್ಷಾ ಪೆಟ್ಟಿಗೆಯೂ ಉದ್ದ ಕೋಲಿನ ಬ್ರಷ್ಷೂ, ಅನಂತರ ಹೊದಿಕೆ, ಆಮೇಲೆ ಯಂತ್ರ. ವಾರಕ್ಕೆ ಅರ್ಧ ಗಂಟೆ ಮನೆಯವರೇ ಒಬ್ಬರು ಮೆಟ್ಟಿಲು, ಮೂಲೆ, ಏಣಿಯ ಹಿಂಬದಿಗಳನ್ನು ಉಜ್ಜಬೇಕು, ಜಾಲರಿಯನ್ನು ನೋಡಬೇಕು. ಮಕ್ಕಳು ನೀರಿಗಿಳಿಯುವ ಮುನ್ನ ಎರಡು ನಿಮಿಷ ಪರೀಕ್ಷೆ ಮಾಡಬೇಕು. ಇಷ್ಟಕ್ಕೂ ಬಿಡುವಿಲ್ಲದವರು ಕೊಳವನ್ನು ಕಟ್ಟಿಸದಿರುವುದೇ ವಾಸಿ.

‘ಬಿಡುವಿಲ್ಲವೆಂದೇ ಯಂತ್ರವನ್ನು ತರುವುದಲ್ಲವೇ?’ ಎಂದು ಕೆಲವರು ಆಕ್ಷೇಪಿಸಬಹುದು. ಯಂತ್ರ ನಮಗೆ ಬಿಡುವನ್ನು ಕೊಡುವುದು ನಿಜ. ಆ ಬಿಡುವಿನ ಒಂದು ಪಾಲನ್ನು ಯಂತ್ರ ಕಾಣದುದನ್ನು ಕಾಣುವುದಕ್ಕೆ ಮೀಸಲಿಡಬೇಕೆಂಬುದಷ್ಟೇ ನಮ್ಮ ಬಿನ್ನಹ.

ಮಾವನವರು ರೋಬಾಟನ್ನು ಕೊಂಡರು. ಒಂದು ಬ್ರಷ್ಷನ್ನೂ ಕೊಂಡರು. ಭಾನುವಾರದ ಬೆಳಿಗ್ಗೆ ಅರವತ್ತೆಂಟರ ವಯಸ್ಸಿನಲ್ಲಿ ಪಂಚೆಯನ್ನು ಮೇಲೆ ಕಟ್ಟಿ ಅವರು ಮೆಟ್ಟಿಲುಗಳನ್ನು ಉಜ್ಜುತ್ತಾರೆಂದು ಅತ್ತೆಯವರು ದೂರವಾಣಿಯಲ್ಲಿ ತಿಳಿಸಿದರು. ಪಿ.ಎಚ್. ೭.೪ ಇದೆಯೆಂದು ಹಿಂದಿನಿಂದ ಮಾವನವರು ಕೂಗಿ ಹೇಳಿದುದೂ ನಮಗೆ ಕೇಳಿಸಿತು.