ಖಾಲಿ ದಿನಕ್ಕೂ ದುಡ್ಡು ಎತ್ತಿಡಿ

ಪ್ಲೇಸ್‌ಮೆಂಟ್ ಮುಗಿದ ವಾರ ನಾವು ನಾಲ್ಕು ಜನ ಹಾಸ್ಟೆಲ್ ಟೆರೇಸ್ ಮೇಲೆ ಕೂತು ಒಂದು ಎಕ್ಸೆಲ್ ಶೀಟ್ ಮಾಡಿದ್ವಿ. ಕೆಲಸಕ್ಕೆ ಸೇರಿ ಒಂದು ವರ್ಷ ದುಡ್ಡು ಕೂಡಿಸಿ, ಮೆಡಿಟರೇನಿಯನ್ ಸಮುದ್ರದ ಮಾಲ್ಟಾಗೆ ಸ್ಕೂಬಾ ಡೈವಿಂಗ್‌ಗೆ ಹೋಗೋದು ಅಂತ. ಆರು ದಿನ, ಹನ್ನೊಂದು ಡೈವ್. ದಿನಕ್ಕೆ ಎರಡರಂತೆ ಐದು ದಿನ, ಆರನೇ ದಿನ ಬೆಳಿಗ್ಗೆ ಕೊನೇದೊಂದು, ಅವತ್ತೇ ರಾತ್ರಿ ವಾಪಸ್ ವಿಮಾನ. ಶೀಟಲ್ಲಿ ಒಂದೇ ಒಂದು ಸೆಲ್ ಖಾಲಿ ಇರಲಿಲ್ಲ. ನೋಡಿ ನಮಗೇ ಹೆಮ್ಮೆ ಆಯ್ತು.

ಒಂದು ಸೆಲ್ಲೂ ಖಾಲಿ ಇಲ್ಲದಿರೋದೇ ಆ ಪ್ಲಾನಿನ ದೊಡ್ಡ ತಪ್ಪು ಅಂತ ಈಗ ನನಗೆ ಅನ್ನಿಸ್ತಿದೆ. ಡೈವಿಂಗ್ ಪ್ರವಾಸದಲ್ಲಿ ಮೊದಲು ಬುಕ್ ಮಾಡಬೇಕಾದ್ದು ನೀರಿಗೆ ಇಳಿಯದ ದಿನವನ್ನ. ಆಮೇಲೆ ಡೈವ್‌ಗಳನ್ನ.

ಮಾಲ್ಟಾನೇ ಯಾಕೆ ಅಂತ ಕೇಳಬಹುದು. ಇಡೀ ದೇಶ 316 ಚದರ ಕಿಲೋಮೀಟರ್, ನಮ್ಮ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಸುಣ್ಣಕಲ್ಲಿನ ದ್ವೀಪಗಳು. ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ, ಹಾಗಾಗಿ ಕಡಲಿಗೆ ಹೂಳು ಸೇರೋದು ಕಮ್ಮಿ. ಆ ಸಮುದ್ರದಲ್ಲಿ ಪ್ಲ್ಯಾಂಕ್ಟನ್ನೂ ಕಮ್ಮಿ. ಅದಕ್ಕೇ ನೀರು ಅಷ್ಟು ತಿಳಿ; ಒಳ್ಳೆ ದಿನ 30 ಮೀಟರ್ ದೂರದವರೆಗೂ ಕಾಣುತ್ತೆ. ಅಂಡಮಾನಿನ ಹವಳ, ಬಣ್ಣದ ಮೀನು ಬೇಕು ಅನ್ನೋರಿಗೆ ಇದು ಜಾಗ ಅಲ್ಲ. ಇಲ್ಲಿ ನೋಡೋಕೆ ಹೋಗೋದು ಗುಹೆಗಳನ್ನ, ಮುಳುಗಿದ ಹಡಗುಗಳನ್ನ. ಆಗಸ್ಟಲ್ಲಿ ನೀರು ಸುಮಾರು 26 ಡಿಗ್ರಿ, ಫೆಬ್ರವರಿಯಲ್ಲಿ 15. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ವೀಸಾ ಷೆಂಗೆನ್. ನಮ್ಮಂಥವರಿಗೆ ಇಷ್ಟು ಸಾಕು.

ಈಗ ಆ ಶೀಟ್ ಎಲ್ಲಿ ಒಡೆಯುತ್ತೆ ನೋಡೋಣ.

ಮೊದಲನೇದು ಕೊನೇ ದಿನ. ಹೆನ್ರಿ ನಿಯಮ ಪಿಯುಸಿಯಲ್ಲೇ ಓದಿದ್ದೀವಿ: ಒತ್ತಡ ಜಾಸ್ತಿ ಆದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತೆ. ಆ ದ್ರವ ನಮ್ಮದೇ ರಕ್ತ, ಅನಿಲ ನೈಟ್ರೋಜನ್. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತೆ. ಐದು ದಿನ ಎರಡೆರಡು ಸಲ ಮುಳುಗಿದರೆ ಮೈಯಲ್ಲಿ ಸೇರಿದ ನೈಟ್ರೋಜನ್ ಪೂರ್ತಿ ಹೊರಗೆ ಹೋಗೋಕೆ ಸಮಯ ಬೇಕು. ಆ ಹೊತ್ತಲ್ಲಿ ವಿಮಾನ ಹತ್ತಿದ್ರೆ? ಕ್ಯಾಬಿನ್ ಒತ್ತಡ ನೆಲದ ಮಟ್ಟದ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತೆ. ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಗುಳ್ಳೆಗಳು ಕೀಲಲ್ಲಿ, ನರದಲ್ಲಿ ಸಿಕ್ಕಿಕೊಂಡರೆ ಅದೇ ಡಿಕಂಪ್ರೆಷನ್ ಸಿಕ್‌ನೆಸ್. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತೋಕೆ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು ಅನ್ನೋ ನಿಯಮ ಇರೋದು ಇದಕ್ಕೇ. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೇದು. ನಮ್ಮ ಶೀಟಿನ ಪ್ರಕಾರ ನಾವು ಬಿಟ್ಟಿದ್ದು ಹತ್ತು ಗಂಟೆ.

ಎರಡನೇದು ಗಾಳಿ. ಮಾಲ್ಟಾದಲ್ಲಿ ಬಹಳಷ್ಟು ಡೈವ್‌ಗಳು ದಡದಿಂದಲೇ ಶುರು. ಸಿಲಿಂಡರ್ ಹೊತ್ತು ಬಂಡೆ ಇಳಿದು ನೀರಿಗೆ ಹೋಗಬೇಕು. ಗಾಳಿ ಯಾವ ದಿಕ್ಕಿಂದ ಬೀಸುತ್ತೋ ಆ ಕಡೆಯ ದಡ ಅವತ್ತು ಬಂದ್, ದ್ವೀಪದ ಇನ್ನೊಂದು ಕಡೆ ಹೋಗಬೇಕು. ನಮ್ಮ ಲಿಸ್ಟಲ್ಲಿ ಗೋಝೋ ದ್ವೀಪದ ಅಜ್ಯೂರ್ ವಿಂಡೋ ಅನ್ನೋ ಕಲ್ಲಿನ ಕಮಾನೂ ಇತ್ತು, ಗೇಮ್ ಆಫ್ ಥ್ರೋನ್ಸ್ ಮೊದಲ ಸೀಸನ್‌ನಲ್ಲಿ ಬರುತ್ತಲ್ಲ, ಅದೇ. ಆಮೇಲೆ ನೋಡಿದ್ರೆ 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಅದು ಕುಸಿದು ಕಡಲಿಗೆ ಬಿದ್ದಾಗಿದೆ! ಈಗ ಅದರ ಬಂಡೆಗಳನ್ನ ನೀರಿನ ಕೆಳಗೇ ನೋಡಬೇಕು. ಅಂಥ ಕಲ್ಲನ್ನೇ ಬೀಳಿಸಿದ ಕಡಲಿಗೆ ನಮ್ಮ ಎಕ್ಸೆಲ್ ಶೀಟ್ ಯಾವ ಲೆಕ್ಕ?

ಮೂರನೇದು ನಾವೇ. ಇದಕ್ಕೆ ನನ್ನದೇ ಕಥೆ ಹೇಳಬೇಕು.

ಹೋದ ರಜೆಯಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿದ್ದೆ, ಮೊದಲ ಸಲ ಮುಳುಗೋಕೆ. ಹಿಂದಿನ ದಿನದಿಂದ ನೆಗಡಿ. ದುಡ್ಡು ಕಟ್ಟಿ ಆಗಿತ್ತು, ರಾತ್ರಿಯೆಲ್ಲಾ ಬಸ್ಸಲ್ಲಿ ಬಂದಿದ್ದೆ, ಜೊತೆಗೆ ಗೆಳೆಯರಿದ್ದರು. ಫಾರ್ಮ್‌ನಲ್ಲಿ ನೆಗಡಿ ಇದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂತ ಟಿಕ್ ಹಾಕಿದೆ. ಮೂರು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಗೆ ಸೂಜಿ ಚುಚ್ಚಿದ ಹಾಗಾಯ್ತು. ನಿಜ ಹೇಳಬೇಕಂದ್ರೆ ಕಿವಿಗೆ ಕಷ್ಟ ಆಗೋದು ಮೇಲಿನ ಆ 10 ಮೀಟರಲ್ಲೇ, ಯಾಕಂದ್ರೆ ಒತ್ತಡ ಒಂದರಿಂದ ಎರಡಕ್ಕೆ ದುಪ್ಪಟ್ಟಾಗೋದು ಅಲ್ಲೇ. ಇನ್‌ಸ್ಟ್ರಕ್ಟರ್ ಓಕೆನಾ ಅಂತ ಸನ್ನೆ ಮಾಡಿದರು. ನಾನೂ ಓಕೆ ಅಂತ ಸನ್ನೆ ಮಾಡಿದೆ. ಮೇಲೆ ಬಂದಾಗ ಮಾಸ್ಕ್ ಒಳಗೆ ರಕ್ತ. ಎರಡು ವಾರ ಎಡಗಿವಿಗೆ ಎಲ್ಲವೂ ಬಾವಿಯ ಒಳಗಿಂದ ಕೇಳಿಸಿದ ಹಾಗೆ ಕೇಳ್ತಿತ್ತು. ತಪ್ಪು ಪೂರ್ತಿ ನಂದೇ. ಕಿವಿ ಬೇಡ ಅಂತಿತ್ತು, ಕಟ್ಟಿದ ದುಡ್ಡು ಹೋಗು ಅಂತಿತ್ತು. ನಾನು ದುಡ್ಡಿನ ಮಾತು ಕೇಳಿದೆ.

ಇದೇ ನನ್ನ ವಾದ. ಬಿಗಿಯಾದ ಪ್ಲಾನ್ ನಮ್ಮ ಪರವಾಗಿ ನಿರ್ಧಾರ ತಗೊಂಡುಬಿಡುತ್ತೆ. ನಾಳೆಗೆ ಜಾಗ ಇಲ್ಲ ಅಂದ್ರೆ ಇವತ್ತು ಬೇಡ ಅನ್ನೋಕೆ ಆಗಲ್ಲ. ಬೀಮ್ ಡಿಸೈನ್ ಮಾಡುವಾಗ ಫ್ಯಾಕ್ಟರ್ ಆಫ್ ಸೇಫ್ಟಿ ಇಡದಿದ್ರೆ ಮೇಷ್ಟ್ರು ಶೀಟನ್ನ ವಾಪಸ್ ಎಸೀತಾರೆ. ನಮ್ಮ ಮೈಗೆ ಮಾತ್ರ ಅದನ್ನ ಇಡದೆ ಬಿಡ್ತೀವಿ.

ಗಾಳಿಯ ಲೆಕ್ಕವನ್ನೇ ತಗೊಳ್ಳಿ, ಸಿಲಿಂಡರ್ ಗಾಳಿ. 12 ಲೀಟರ್ ಸಿಲಿಂಡರ್, 200 ಬಾರ್: 2,400 ಲೀಟರ್. ಅದರಲ್ಲಿ 50 ಬಾರ್, ಅಂದ್ರೆ 600 ಲೀಟರ್, ಮುಟ್ಟಬಾರದು ಅನ್ನೋದು ಎಲ್ಲ ಕಡೆ ಇರೋ ರೂಢಿ. ಉಳಿದಿದ್ದು 1,800. ನಿಮಿಷಕ್ಕೆ 20 ಲೀಟರ್ ಉಸಿರಾಡೋನಿಗೆ 10 ಮೀಟರಲ್ಲಿ ಇದು 45 ನಿಮಿಷ, 30 ಮೀಟರಲ್ಲಿ 22 ನಿಮಿಷ. ಭಯ ಬಿದ್ದು ಜೋರಾಗಿ ಉಸಿರಾಡಿದ್ರೆ ಇನ್ನೂ ಕಮ್ಮಿ. ಆ 50 ಬಾರನ್ನ ಯಾರೂ ವೇಸ್ಟ್ ಅನ್ನಲ್ಲ. ಹಾಗಿದ್ರೆ ಪ್ರವಾಸದ ಖಾಲಿ ದಿನವನ್ನ ಯಾಕೆ ವೇಸ್ಟ್ ಅಂತೀವಿ?

ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ನ್ಯಾಯವಾದ ಪ್ರಶ್ನೆ. ಮೊದಲ ವರ್ಷದ ಸಂಬಳದಲ್ಲಿ ಮನೆಗೆ ಕಳಿಸಬೇಕು, ಕೆಲವರಿಗೆ ಎಜುಕೇಷನ್ ಲೋನ್ ಇದೆ. ವೀಸಾ ಶುಲ್ಕವೇ 90 ಯೂರೋ. ಅಷ್ಟು ಖರ್ಚು ಮಾಡಿ ಹೋದ ಮೇಲೆ ಒಂದು ದಿನ ಸುಮ್ಮನೆ ಕೂರಬೇಕಾ? ನನ್ನ ಉತ್ತರ: ಅಷ್ಟು ದುಡ್ಡಿಲ್ಲದಿದ್ರೆ ಇನ್ನೊಂದು ವರ್ಷ ಬಿಟ್ಟು ಹೋಗೋಣ. ಖಾಲಿ ದಿನಕ್ಕೆ ಕೊಡೋಕೆ ಆಗದಿದ್ರೆ ಆ ಪ್ರವಾಸ ಇನ್ನೂ ನಮ್ಮ ಕೈಗೆ ಎಟುಕಿಲ್ಲ ಅಂತಾನೇ ಅರ್ಥ. ಉಳಿಸೋಕೆ ಬೇರೆ ದಾರಿಗಳಿವೆ. ಓಪನ್ ವಾಟರ್ ಕೋರ್ಸ್ ಇಲ್ಲೇ ಮುಗಿಸಿ ಹೋದ್ರೆ ಅಲ್ಲಿನ ಮೂರು ನಾಲ್ಕು ದಿನ ಪಾಠದಲ್ಲಿ ಕಳೆಯಲ್ಲ. ನೇತ್ರಾಣಿಯಲ್ಲಿ ಇನ್‌ಸ್ಟ್ರಕ್ಟರ್ ಕೈ ಹಿಡ್ಕೊಂಡು ಒಂದ್ಸಲ ಮುಳುಗಿದ್ದು ಲೈಸೆನ್ಸ್ ಅಲ್ಲ, ಅದು ನೆನಪಿರಲಿ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರಲ್ಲ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಉಳಿಸಬಾರದ ಜಾಗ ವಿಮೆ. ಷೆಂಗೆನ್ ವೀಸಾಗೆ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆದ್ರೆ ಅದರಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಆಳದವರೆಗೆ ಅಂತ ಸಣ್ಣಕ್ಷರ ಓದಿ. ಇಲ್ಲದಿದ್ರೆ ಡೈವರ್‌ಗಳ ವಿಮೆ ಬೇರೆ ತಗೊಳ್ಳಿ.

ನಮ್ಮ ಲಿಸ್ಟಲ್ಲಿ ಮೊದಲಿದ್ದದ್ದು ಉಮ್ ಎಲ್ ಫರೂದ್ ಅನ್ನೋ ಹಡಗು. ಸುಮಾರು 110 ಮೀಟರ್ ಉದ್ದದ ಲಿಬಿಯಾದ ತೈಲ ಟ್ಯಾಂಕರ್. ಮಾಲ್ಟಾದ ದಕ್ಷಿಣ ಕಡಲಲ್ಲಿ ಸುಮಾರು 36 ಮೀಟರ್ ಆಳದ ಮರಳ ಮೇಲೆ ಕೂತಿದೆ. ಡೆಕ್ ಇರೋದು 25 ಮೀಟರ್ ಹತ್ತಿರ. ಓಪನ್ ವಾಟರ್ ಮಿತಿ 18 ಮೀಟರ್, ಅಂದ್ರೆ ಡೆಕ್ ಮುಟ್ಟೋಕೆ ಅಡ್ವಾನ್ಸ್‌ಡ್ ಕೋರ್ಸ್ ಬೇಕು. ಅಲ್ಲಿನ ಫೋಟೋ ಡಿಪಿಗೆ ಹಾಕಬೇಕು ಅಂತ ಜಗಳವೂ ಆಗಿತ್ತು. ಆಮೇಲೆ ಅದರ ಕಥೆ ಓದಿದೆ. 1995ರ ಫೆಬ್ರವರಿ 3ರಂದು ರಿಪೇರಿಗೆ ನಿಂತಿದ್ದಾಗ ಒಳಗೆ ಅನಿಲ ಸ್ಫೋಟ ಆಗಿ ಒಂಬತ್ತು ಕಾರ್ಮಿಕರು ಸತ್ತರು. ಹಡಗನ್ನ 1998ರಲ್ಲಿ ಬೇಕಂತಲೇ ಮುಳುಗಿಸಿದರು. ನಾವು ಫೋಟೋ ತೆಗೀಬೇಕು ಅಂತಿದ್ದ ಹಡಗು, ಕೆಲಸಕ್ಕೆ ಹೋಗಿ ಮನೆಗೆ ಬರದ ಒಂಬತ್ತು ಜನರ ಜಾಗ. ಒಂದು ವರ್ಷದೊಳಗೆ ನಾವೂ ಯಾವುದೋ ಪ್ಲಾಂಟಲ್ಲಿ, ಸೈಟಲ್ಲಿ ಹೆಲ್ಮೆಟ್ ಹಾಕ್ಕೊಂಡು ನಿಂತಿರ್ತೀವಿ. ಶೆಡ್ಯೂಲ್ ತಡ ಆದ್ರೂ ಪರವಾಗಿಲ್ಲ, ಇವತ್ತು ಬೇಡ ಅಂತ ಯಾರೋ ಒಬ್ಬರು ಹೇಳಬೇಕಾದ ದಿನ ಬರುತ್ತೆ. ಅದನ್ನ ರಜೆಯಲ್ಲೇ ಹೇಳೋಕೆ ಬರದಿದ್ರೆ ಕೆಲಸದಲ್ಲಿ ಹೇಳ್ತೀವಾ?

ಶೀಟನ್ನ ತಿದ್ದಿದೆ. ಈಗ ಏಳು ದಿನ, ಎಂಟು ಡೈವ್. ಹೋದ ದಿನ ಬರೀ ನಿದ್ದೆ. ಆಮೇಲೆ ನಾಲ್ಕು ದಿನ ಎರಡೆರಡು, ನಡುವೆ ಒಂದು ದಿನ ಖಾಲಿ. ಗಾಳಿಗೋ ನೆಗಡಿಗೋ ಯಾವುದೋ ದಿನ ಹೋದರೆ ಇಲ್ಲಿಗೆ ಸರಿಸೋದು. ಏಳನೇ ದಿನ ನೀರಿಲ್ಲ. 5,000 ವರ್ಷಕ್ಕೂ ಹಳೆಯ ಹಜರ್ ಇಮ್ ಕಲ್ಲಿನ ಗುಡಿ ನೋಡಿ, ರಾತ್ರಿ ವಿಮಾನ. ಗೆಳೆಯರಲ್ಲಿ ಇಬ್ಬರು ಒಪ್ಪಿದ್ದಾರೆ. ಮೂರನೆಯವನು "ಮೂರು ಡೈವ್ ಕಳ್ದುಬಿಟ್ಟೆ ಕಣೋ" ಅಂತ ಇನ್ನೂ ಬೈತಿದ್ದಾನೆ.

ಅವನಿಗೆ ಒಂದು ವಿಷಯ ಹೇಳಿದ್ದೀನಿ. ನೀರಿನ ಕೆಳಗೆ ಹೆಬ್ಬೆರಳು ಮೇಲೆತ್ತಿದ್ರೆ ವಾಟ್ಸಾಪಿನ ಹಾಗೆ ಸೂಪರ್ ಅಂತಲ್ಲ. "ಡೈವ್ ಸಾಕು, ಮೇಲೆ ಹೋಗೋಣ" ಅಂತ. ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ ಎತ್ತಬಹುದು. ಕಾರಣ ಯಾರೂ ಕೇಳಬಾರದು. ನಮ್ಮ ನಾಲ್ವರಲ್ಲಿ ಯಾರು ಹೆಬ್ಬೆರಳು ಎತ್ತಿದ್ರೂ ಮಿಕ್ಕ ಮೂವರು ದುಡ್ಡಿನ ಮಾತಾಡಬಾರದು. ಅದಕ್ಕೆ ಒಪ್ಪಿದ ದಿನ ಟಿಕೆಟ್ ಬುಕ್ ಮಾಡ್ತೀನಿ.